ಕರಿಹಲಗೆಯಿಂದ ಮೊಬೈಲಿನವರೆಗೆ: ನಮ್ಮ ಹಳ್ಳಿಯ ಕಲಿಕೆ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಊರಿನ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಮಾಡಿದ ಭಾಷಣದ ಪಾಠ)



ಬೀಜ, ಗೊಬ್ಬರ, ಸಾಲ, ವಸೂಲಿ ಇವುಗಳ ಬಗ್ಗೆ ಮಾತನಾಡುವ ಬಲ್ಲಿದರು ಈ ವೇದಿಕೆಯ ಮೇಲೆ ಬಹಳ ಮಂದಿ ಇದ್ದಾರೆ. ನಮಗೆ ಕೊಟ್ಟ ವಿಷಯ ಬೇರೆ. ಕಾರ್ಯದರ್ಶಿಗಳು ಮನೆಗೆ ಬಂದು, “ಮಾಸ್ತರ, ಮೂವತ್ತೆಂಟು ವರ್ಷ ಹುಡುಗರಿಗೆ ಕಲಿಸಿ ಈಗ ರಿಟಾಯರ್ ಆಗೀರಿ. ಮೊದಲ ಹೆಂಗ ಕಲಿಸತಿದ್ರಿ, ಈ ಕಂಪ್ಯೂಟರು, ಮೊಬೈಲು ಬಂದ ಮ್ಯಾಲ ಹೆಂಗಾತು, ಒಂದಿಷ್ಟು ಹೇಳ್ರಿ” ಅಂದರು. ಒಪ್ಪಿಕೊಂಡೆವು. ಇಲ್ಲಿ ‘ನಾವು’ ಎನ್ನುವುದು ದೊಡ್ಡಸ್ತಿಕೆಯ ಮಾತಲ್ಲ. ಈ ಊರ ಕನ್ನಡ ಸಾಲಿಯಲ್ಲಿ ಕಲಿತವರು, ಕಲಿಸಿದವರು ಎಲ್ಲರೂ ಕೂಡಿ ‘ನಾವು’. ತಪ್ಪು ಒಪ್ಪಿಕೊಳ್ಳುವಾಗ ಮಾತ್ರ ಅದು ನಾವೊಬ್ಬರೇ ಎಂದು ತಿಳಿಯಬೇಕು.

ಮೊದಲು ನಮ್ಮ ಬಾಲ್ಯದ ಮಾತು. ನಾವು ಒಂದನೇತ್ತಾ ಸೇರಿದಾಗ ಸಾಲಿಗೆ ಎರಡು ಖೋಲಿ, ಇಬ್ಬರು ಮಾಸ್ತರು, ಒಂದು ಕರಿಹಲಗೆ. ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತೀಡಿ ತೀಡಿ, ಅದು ಗಟ್ಟಿಯಾದ ಮೇಲೆ ಪಾಟಿ ಕೈಗೆ ಬರುತ್ತಿತ್ತು. ಉಗುಳು ಹಚ್ಚಿ ಪಾಟಿ ಒರೆಸಿದರೆ ಬೆನ್ನಿಗೆ ಬೀಳುತ್ತಿತ್ತು. ಅದಕ್ಕೇ ಪ್ರತಿಯೊಬ್ಬರ ಚೀಲದಲ್ಲಿ ಒಂದು ಹಸೀ ಅರಿವಿಯ ತುಂಡು. ಅಂಕಲಿಪಿ ಒಂದು ಮನೆಗೆ ಬಂದರೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ಇಳಿಯುತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಆಗ ನಮ್ಮ ಭಾಗದ ಮನೆಮಾತು. ಸಾಲಿಗೆ ರೇಡಿಯೋ ಇರಲಿಲ್ಲ. ಊರಾಗಿನ ಒಬ್ಬರ ಮನೆಯ ರೇಡಿಯೋ ತಂದು ಕಿಟಕಿಯ ಮೇಲಿಟ್ಟು, ಮಕ್ಕಳ ಕಾರ್ಯಕ್ರಮ ಬಂದಾಗ ಮಾಸ್ತರು ಕೇಳಿಸುತ್ತಿದ್ದರು. ಅದರ ಗೊರಗೊರ ಸಪ್ಪಳದೊಳಗೇ ನಾವು ದೂರದ ದನಿಯೊಂದನ್ನು ಪಾಠವೆಂದು ಕೇಳಿದ್ದು.

ಆಮೇಲೆ 1975 ಬಂತು. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳೆಲ್ಲ ಆಗ ಅಖಂಡ ವಿಜಾಪುರ ಜಿಲ್ಲೆಯೊಳಗಿದ್ದವು. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಇಂದಿನ ಹುಡುಗರು ನಂಬಲಿಕ್ಕಿಲ್ಲ, ಆದರೆ ಹೇಳುವುದು ನಮ್ಮ ಕರ್ತವ್ಯ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಕಡೆಯ ಹಳ್ಳಿಯ ಹುಡುಗರು ಟಿ.ವಿ.ಯಲ್ಲಿ ಪಾಠ ನೋಡಿದ್ದರು!

ಅದು ಹೀಗೆ. ಹಳ್ಳಿಗಳಿಗೆ ಆಕಾಶದಿಂದಲೇ ಪಾಠ ಮುಟ್ಟಿಸಬೇಕೆಂಬುದು ಡಾ. ವಿಕ್ರಮ ಸಾರಾಭಾಯಿಯವರ ಕನಸು. ಅದಕ್ಕಾಗಿ 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಜೊತೆ ಒಪ್ಪಂದವಾಯಿತು. ಸಾರಾಭಾಯಿಯವರು 1971ರಲ್ಲಿ ತೀರಿಕೊಂಡರು, ಆದರೆ ಕೆಲಸ ನಿಲ್ಲಲಿಲ್ಲ. ನಾಸಾದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೈಗಡ ತಂದಂತೆ ತಂದು, ಇಸ್ರೋ ಮತ್ತು ಆಕಾಶವಾಣಿಯವರು ಕೂಡಿ ‘ಸೈಟ್’ ಎಂಬ ಪ್ರಯೋಗ ನಡೆಸಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಮೂರೇ: ವಿಜಾಪುರ, ಗುಲ್ಬರ್ಗಾ, ರಾಯಚೂರು. ಹಿಂದುಳಿದವರೆಂದು ಹೆಸರಾದದ್ದರಿಂದ ನಮಗೆ ಒಮ್ಮೆಯಾದರೂ ಲಾಭವಾದದ್ದು ಆ ವರ್ಷ.

ನಮ್ಮೂರಿಗೆ ಆ ಟಿ.ವಿ. ಬರಲಿಲ್ಲ, ಮಗ್ಗಲ ಹಳ್ಳಿಗೆ ಬಂತು. ಆಗ ನಾವು ಐದನೇತ್ತಾ. ನಮ್ಮ ಮಾಸ್ತರು ಆ ಊರಿನ ಮಾಸ್ತರರ ಜೊತೆ ಮಾತಾಡಿ, ವಾರಕ್ಕೊಂದು ದಿನ ನಮ್ಮನ್ನು ಬೆಳಗಿನ ಹೊತ್ತಿಗೇ ಎರಡು ಮೈಲು ನಡೆಸಿಕೊಂಡು ಹೋಗುತ್ತಿದ್ದರು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಳಿಗೆಯ, ಹತ್ತು ಫೂಟು ಅಗಲದ ಒಂದು ಬುಟ್ಟಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಒಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಟಿ.ವಿ. ಪೆಟ್ಟಿಗೆಯ ಕೀಲಿಕೈ ಆ ಊರಿನ ಮಾಸ್ತರರ ಉಡದಾರಕ್ಕೆ. ಹೊತ್ತಿಗೆ ಸರಿಯಾಗಿ ಅವರು ಬರುತ್ತಿದ್ದರು, ಕೀಲಿ ತೆಗೆಯುತ್ತಿದ್ದರು. ಮಕ್ಕಳ ಕಾರ್ಯಕ್ರಮ ಇಪ್ಪತ್ತೆರಡು ಮಿನಿಟು ಚಿಲ್ಲರೆ. ಗೌಡರ ಮಗ, ವಾಲಿಕಾರನ ಮಗ, ಮಗ್ಗದವರ ಮಗಳು ಎಲ್ಲರೂ ಒಂದೇ ಜಮಖಾನದ ಮೇಲೆ ಕುಂತು ಒಂದೇ ಟಿ.ವಿ. ನೋಡಿದ್ದು ನಮಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಒಂದು ದಿನ ಗಾಳಿಯ ಬಗ್ಗೆ ಏನೋ ತೋರಿಸಿದರು. ಗಾಳಿಗೂ ತೂಕವಿದೆ ಎಂಬ ಮಾತು ಬಂತು. ನಮಗೆ ತಿಳಿಯಲಿಲ್ಲ. ಕಾರ್ಯಕ್ರಮ ಮುಗಿಯಿತು, ಟಿ.ವಿ. ಆರಿತು, ಕೀಲಿ ಬಿತ್ತು. ನಮ್ಮ ಮಾಸ್ತರು ಹೊರಗೆ ಬೇವಿನ ಗಿಡದ ಕೆಳಗೆ ನಮ್ಮನ್ನು ನಿಲ್ಲಿಸಿ, “ಏನ್ ತಿಳೀತಲೇ?” ಎಂದು ಕೇಳಿದರು. ಯಾರದೂ ಬಾಯಿ ಇಲ್ಲ. ಮರುದಿನ ಅವರು ಎರಡು ಫುಗ್ಗೆ ತಂದರು. ಒಂದು ಜ್ವಾಳದ ದಂಟಿನ ನಡುವೆ ದಾರ ಕಟ್ಟಿ ತೂಗುಬಿಟ್ಟು, ಎರಡೂ ತುದಿಗೆ ಊದಿದ ಫುಗ್ಗೆ ಕಟ್ಟಿದರು. ತಕ್ಕಡಿ ಸಮಕ್ಕೆ ನಿಂತಿತು. ಒಂದು ಫುಗ್ಗೆಗೆ ಜಾಲಿಮುಳ್ಳು ಚುಚ್ಚಿದರು. ಇನ್ನೊಂದರ ಕಡೆ ದಂಟು ಮೆಲ್ಲಕೆ ಬಾಗಿತು. “ನೋಡ್ರಿ, ಗಾಳಿ ಹೋತು, ತೂಕ ಹೋತು” ಅಂದರು. ಅಷ್ಟೇ. ಆ ಪಾಠ ನಾವು ಸಾಯುವವರೆಗೆ ಮರೆಯುವುದಿಲ್ಲ.

ಒಂದು ವರ್ಷ ಮುಗಿದ ಮೇಲೆ ಉಪಗ್ರಹ ನಮ್ಮ ಕೈಬಿಟ್ಟಿತು. ಆ ಪ್ರಯೋಗವನ್ನು ಅಭ್ಯಾಸ ಮಾಡಿದವರು, ಟಿ.ವಿ. ನೋಡಿದ ಮಕ್ಕಳ ಭಾಷೆ ಸುಧಾರಿಸಿತು, ತಿಳಿದುಕೊಳ್ಳುವ ಆಸೆ ಹೆಚ್ಚಿತು, ಆದರೆ ಅರ್ಧಕ್ಕೆ ಸಾಲಿ ಬಿಡುವುದೇನೂ ಅದರಿಂದ ಕಡಿಮೆಯಾಗಲಿಲ್ಲ ಎಂದು ಕಂಡುಕೊಂಡರು. ಇದೇ ಪ್ರಯೋಗದಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯನ್ನೂ ಟಿ.ವಿ.ಯ ಮೂಲಕ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಟಿ.ವಿ. ತಂದವರಿಗೇ ಗೊತ್ತಿತ್ತು, ಆರಿದ ಟಿ.ವಿ.ಯ ಮುಂದೆ ಒಬ್ಬ ಮಾಸ್ತರ ಬೇಕು ಎಂದು.

ಮುಂದೆ ನಾವೇ ಮಾಸ್ತರಾದೆವು, 1987ರಲ್ಲಿ. ಅದೇ ವರ್ಷ ಕೇಂದ್ರ ಸರ್ಕಾರ ‘ಕಪ್ಪು ಹಲಗೆ ಕಾರ್ಯಾಚರಣೆ’ ಎಂಬ ಯೋಜನೆ ತಂದಿತು. ಪ್ರತಿ ಸಾಲಿಗೆ ಕನಿಷ್ಠ ಎರಡು ಖೋಲಿ, ಇಬ್ಬರು ಶಿಕ್ಷಕರು, ಕಲಿಸುವ ಸಾಮಾನು. ನಮ್ಮ ಸಾಲಿಗೂ ಒಂದು ವಿಜ್ಞಾನದ ಪೆಟ್ಟಿಗೆ ಬಂತು. ಭೂತಗನ್ನಡಿ, ಅಯಸ್ಕಾಂತ, ಗಾಜಿನ ನಳಿಕೆ. ಈಗ ನಮ್ಮ ತಪ್ಪು ಹೇಳಬೇಕು. “ಹುಡುಗರು ಒಡೆದರ ನಮ್ಮ ಪಗಾರದಾಗ ಹಿಡೀತಾರ” ಎಂದು ಹೆದರಿ ಆ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ತಪಾಸಣೆಗೆ ಸಾಹೇಬರು ಬಂದ ದಿನ ಧೂಳು ಝಾಡಿಸಿ ಹೊರಗೆ ಇಡುವುದು, ಅವರು ಹೋದ ಮೇಲೆ ಒಳಗೆ ಇಡುವುದು. ಮೂರು ವರ್ಷ ಹೀಗೇ ನಡೆಯಿತು. ಫುಗ್ಗೆ ಒಡೆದು ನಮಗೆ ಕಲಿಸಿದ ಗುರುಗಳ ಶಿಷ್ಯರು ನಾವು, ಗಾಜಿನ ನಳಿಕೆ ಒಡೆದೀತೆಂದು ಹೆದರಿದೆವು!

ಹೊಸ ಶತಮಾನ ಬಂದ ಮೇಲೆ ಬದಲಾವಣೆ ಬೇಗ ಬೇಗ ಆಯಿತು. ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದವು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿತು. ಈ ಸಲ ಕೈಗಡವಲ್ಲ, ನಮ್ಮದೇ. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿತ್ತು. ನಮ್ಮ ತಮ್ಮನ ಮಗ ಆಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗ, ದೊಡ್ಡ ದೊಡ್ಡ ಪ್ರೊಫೆಸರರ ಪಾಠ ಕೂತಲ್ಲೇ ಕೇಳಬಹುದು, ತಿಳಿಯದಿದ್ದರೆ ಇಲ್ಲಿಂದಲೇ ಪ್ರಶ್ನೆ ಕೇಳುವ ಅನುಕೂಲವೂ ಇದೆ ಎಂದು ಹೆಮ್ಮೆಯಿಂದ ಹೇಳಿದ. “ನೀ ಏನರ ಕೇಳಿದೆಯೇನೋ?” ಅಂದೆವು. ಅವನು ತಲೆ ಕೆರೆದುಕೊಂಡ. “ಅಷ್ಟು ಕಾಲೇಜಿನವರು ಕೇಳತಿರತಾರ ದೊಡ್ಡಪ್ಪ, ನನ್ನ ದಡ್ಡ ಪ್ರಶ್ನಿ ಹೆಂಗ ಕೇಳಲಿ? ಆಮ್ಯಾಲ ಹಾಸ್ಟೆಲಿನಾಗ ಗೆಳ್ಯಾನ್ನ ಕೇಳಿ ತಿಳಕೊಂಡೆ.”

ಈ ಮಾತನ್ನು ನಾವು ಮರೆತಿಲ್ಲ. ದಡ್ಡ ಪ್ರಶ್ನೆ ಕೇಳಲಿಕ್ಕೆ ಮಗ್ಗಲಲ್ಲಿ ಒಬ್ಬ ಮನುಷ್ಯ ಬೇಕು.

ಇದು ಯಂತ್ರದ ಮಾತು ಮಾತ್ರವಲ್ಲ, ಕಲ್ಲಿನ ಮಾತೂ ಹೌದು. ಪ್ರತಿ ವರ್ಷ ನಾವು ಹುಡುಗರನ್ನು ಪ್ರವಾಸಕ್ಕೆ ಬಾದಾಮಿಗೆ, ಐಹೊಳೆಗೆ ಕರೆದೊಯ್ಯುತ್ತಿದ್ದೆವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಕೆತ್ತಿಸಿದ, 578ರ ಶಾಸನವಿದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಬರೆದದ್ದಿದೆ. ಉಳಿ, ಸುತ್ತಿಗೆ ಆ ಕಾಲದ ತಂತ್ರಜ್ಞಾನ. ಸಾವಿರದ ನಾಲ್ಕುನೂರು ವರ್ಷ ಅಕ್ಷರ ಅಳಿಯದಂತೆ ಕಾಯ್ದಿದೆ. ನಮ್ಮ ಯಾವ ಮೊಬೈಲು ಅಷ್ಟು ಬಾಳೀತು? ಆದರೆ ಹುಡುಗರು ಅದರ ಮುಂದೆ ನಿಂತು, “ಸರ, ಇದು ಏನಂತೈತ್ರಿ?” ಎಂದು ನಮ್ಮ ಮುಖ ನೋಡುತ್ತಿದ್ದರು. ಓದಿ ಹೇಳುವವರಿಲ್ಲದಿದ್ದರೆ ಶಾಸನವೂ ಬರೀ ಗೀರು.

ಇಳಕಲ್ಲಿನ ಮಗ್ಗದ ಮನೆಗಳನ್ನು ನೋಡಿರಿ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಗಿಸಿ ಕೂಡಿಸಿದ ಮೇಲೆಯೇ ನೇಯ್ಗೆ. ಈಗ ಮೊಬೈಲಿನಲ್ಲಿ ಅದರ ವಿಡಿಯೋ ಯಾರೂ ನೋಡಬಹುದು. ನೋಡಿದವರೆಲ್ಲ ನೇಕಾರರಾಗಲಿಲ್ಲ. ಹಾಸಿನ ಎಳೆ ಹರಿದಾಗ ಎಷ್ಟು ಎಳೆದು ಎಲ್ಲಿ ಗಂಟು ಹಾಕಬೇಕೆಂಬುದು, ಅವ್ವನ ಮಗ್ಗಲಿಗೆ ಕುಂತ ಹುಡುಗಿಯ ಬೆರಳಿಗೇ ಬರುವುದು. ಯಂತ್ರ ಮತ್ತು ಮಾಸ್ತರ ಇಬ್ಬರೂ ಆ ಎರಡು ಹಾಸು ಇದ್ದ ಹಾಗೆ. ಬಿಡಿಯಾಗಿಟ್ಟರೆ ಸೀರೆ ಆಗುವುದಿಲ್ಲ.

ಯಂತ್ರವನ್ನು ಬೈಯಲಿಕ್ಕೆ ನಾವು ಇಲ್ಲಿ ನಿಂತಿಲ್ಲ. ಹೃದಯ ಹೇಗೆ ಬಡಿಯುತ್ತದೆ ಎಂದು ಮೂವತ್ತು ವರ್ಷ ಖಡುವಿನಿಂದ ಹಲಗೆಯ ಮೇಲೆ ಬರೆದೆವು; ಆ ಚಿತ್ರ ಬದನಿಕಾಯಿಯಂತೆ ಕಾಣುತ್ತಿತ್ತು. 2017ರಲ್ಲಿ ‘ದೀಕ್ಷಾ’ ಬಂದ ಮೇಲೆ ಪಠ್ಯಪುಸ್ತಕದಲ್ಲೇ ಕ್ಯೂ.ಆರ್. ಕೋಡು ಅಚ್ಚಾಗತೊಡಗಿತು. ಮೊಬೈಲಿನಿಂದ ಅದನ್ನು ಹಿಡಿದರೆ ಪಾಠದ ವಿಡಿಯೋ ಬರುತ್ತದೆ. ಹೃದಯ ಬಡಿಯುವುದನ್ನು ಮೊದಲ ಸಲ ಮೊಬೈಲಿನಲ್ಲಿ ತೋರಿಸಿದ ದಿನ ಹುಡುಗರು ತಮ್ಮ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ನೋಡಿದರು. ನಾವೂ ಇಟ್ಟುಕೊಂಡೆವು.

ಈಗ 2020ರ ಮಾತು. ಇದನ್ನು ಹೇಳಲಿಕ್ಕೆಂದೇ ನಾವು ಇವತ್ತು ಬಂದದ್ದು.

ಆ ಮಾರ್ಚಿನಲ್ಲಿ ಕೊರೋನಾ ಬಂದು ಸಾಲಿ ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ, ಮೊಬೈಲಿನಲ್ಲಿ ಪಾಠ. ದೊಡ್ಡ ಊರಿನ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಮೊಬೈಲು. ನಮ್ಮೂರಿನಲ್ಲಿ ಮನೆಗೊಂದು ಇದ್ದರೆ ಹೆಚ್ಚು. ಅದೂ ಅಪ್ಪನ ಕಿಸೆಯಲ್ಲಿ, ಅಪ್ಪ ಗೋವಾದಲ್ಲಿ. ಗುಳೆ ಹೋಗುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ತಂದಿತು. ಮಾಸ್ತರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ, ಗಿಡದ ನೆರಳಲ್ಲಿ ಕಲಿಸಬೇಕು. ನಾವು ಹನುಮಪ್ಪನ ಗುಡಿಯ ಕಟ್ಟೆ ಹಿಡಿದೆವು. ನಿಜ ಹೇಳುತ್ತೇವೆ, ಮೂವತ್ತೆಂಟು ವರ್ಷದಲ್ಲಿ ಅಷ್ಟು ಚಂದಾಗಿ ನಾವು ಎಂದೂ ಕಲಿಸಿರಲಿಲ್ಲ.

ಏಳನೇತ್ತಾದಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಭಾಳ ಚುರುಕು. ಅವಳ ಮನೆಯಲ್ಲಿ ಮೊಬೈಲೂ ಇಲ್ಲ, ಟಿ.ವಿ.ಯೂ ಇಲ್ಲ. ಕಟ್ಟೆಗೆ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದಳು. ಅಕ್ಟೋಬರಿನಲ್ಲಿ ಒಂದು ದಿನ, “ನಾಳೆ ಬಡ್ಡಿ ಲೆಕ್ಕ ಸುರು ಮಾಡೂಣು” ಎಂದು ಹೇಳಿ ಎದ್ದೆವು. ಸೋಂಕು ಹರಡುತ್ತದೆಂದು ಆ ತಿಂಗಳು ವಿದ್ಯಾಗಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ನಾಲ್ಕು ದಿನ ನೋಡಿ ಅವಳ ಅವ್ವ ಮಕ್ಕಳನ್ನು ಕಟ್ಟಿಕೊಂಡು ಗಂಡ ಇದ್ದಲ್ಲಿಗೆ ಹೋದಳು. ಮುಂದೆ ಸಾಲಿ ತೆರೆದು ಹಾಜರಿ ಕರೆದಾಗ ಆ ಹೆಸರಿಗೆ ಯಾರೂ ‘ಎಸ್ ಸರ್’ ಅನ್ನಲಿಲ್ಲ. 2022ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಎಂದು ಹಿಂದುಳಿದ ಪಾಠಗಳನ್ನು ಮತ್ತೆ ಕಲಿಸಿತು. ಬಂದ ಮಕ್ಕಳಿಗೆ ಚೇತರಿಕೆ ಆಯಿತು. ಬಾರದವರಿಗೆ?

ಮೊನ್ನೆ ಬನಶಂಕರಿ ಜಾತ್ರೆಯಲ್ಲಿ ಅವಳು ಸಿಕ್ಕಳು. ದೊಡ್ಡವಳಾಗಿದ್ದಾಳೆ. ಅಪ್ಪ ಅವ್ವನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳಂತೆ. ಕಾಲಿಗೆ ನಮಸ್ಕಾರ ಮಾಡಿ, ನಕ್ಕು ಅಂದಳು: “ಸರ, ಬಡ್ಡಿ ಲೆಕ್ಕ ನಾಳೆ ಹೇಳ್ತೀನಿ ಅಂದಿದ್ರಿ. ಆ ನಾಳೆ ಬರಲೇ ಇಲ್ಲರಿ.”

ನಮಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದಾಗ ಹೊಳೆಯಿತು. ಇದೇ ನಮ್ಮ ಸಂಘದ ಸಭಾಭವನ, ಇದೇ ಗೋಡೆಯ ಮೇಲಿನ ಈ ದೊಡ್ಡ ಟಿ.ವಿ. 2020ರಲ್ಲೂ ಇತ್ತು. ಚಂದನದಲ್ಲಿ ದಿನಾ ಪಾಠ ಬರುತ್ತಿದ್ದವು. ಎಂಟೆಂಟು ಹುಡುಗರನ್ನು ದೂರ ದೂರ ಕೂಡಿಸಿ, ಕಿಟಕಿ ತೆರೆದು, ಪಾಠ ತೋರಿಸಿ, ಆಮೇಲೆ “ಏನ್ ತಿಳೀತಲೇ?” ಎಂದು ಕೇಳಬಹುದಾಗಿತ್ತು. ಭವನಕ್ಕೆ ಆ ತಿಂಗಳೆಲ್ಲ ಕೀಲಿ ಇತ್ತು. ಸಂಘದವರನ್ನು ನಾವು ದೂರುವುದಿಲ್ಲ. ಕೀಲಿಕೈ ಕೊಡ್ರಿ ಎಂದು ಯಾರೂ ಬಂದು ಕೇಳಲಿಲ್ಲ. ಕೇಳಬೇಕಾದವರು ನಾವು. 1975ರಲ್ಲಿ ಮಗ್ಗಲ ಊರಿಗೆ ಎರಡು ಮೈಲು ನಡೆಸಿಕೊಂಡು ಹೋದ ಗುರುಗಳ ಶಿಷ್ಯರು, 2020ರಲ್ಲಿ ಎರಡು ಓಣಿ ದಾಟಿ ಕೀಲಿಕೈ ಕೇಳಲಿಲ್ಲ.

ಆ ಹೊತ್ತಿಗೂ ಈ ಹೊತ್ತಿಗೂ ಇರುವ ದೊಡ್ಡ ಫರಕು ಇದೇ. ಆಗ ಯಂತ್ರ ಒಂದೇ ಇತ್ತು, ಊರಿಗೆಲ್ಲ ಕೂಡಿ ಇತ್ತು. ಈಗ ಯಂತ್ರ ಬಹಳ ಇವೆ, ಇದ್ದವರ ಕೈಯಲ್ಲಿ ಒಬ್ಬೊಬ್ಬರಿಗೇ ಇವೆ. ಒಬ್ಬರೇ ನೋಡುತ್ತಾರೆ, ಒಬ್ಬರೇ ನಗುತ್ತಾರೆ, ತಿಳಿಯದಿದ್ದರೆ ಒಬ್ಬರೇ ಸುಮ್ಮನಾಗುತ್ತಾರೆ.

ಈಗೀಗ ಕೇಳಿದ್ದನ್ನೆಲ್ಲ ಬರೆದುಕೊಡುವ ಯಂತ್ರವೂ ಮೊಬೈಲಿನೊಳಗೆ ಬಂದಿದೆ. ಕೃತಕ ಬುದ್ಧಿ ಅನ್ನುತ್ತಾರೆ. ಬಾದಾಮಿ ಕಡೆಯ ನಮ್ಮ ಬೀಗರ ಹುಡುಗ, ಪಿ.ಯು.ಸಿ. ಓದುವವ, ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧ ತಂದು ತಿದ್ದಿರೆಂದ. ಒಂದೂ ಕಾಗುಣಿತ ತಪ್ಪಿಲ್ಲ! ಆದರೆ ಅದು ಯಾವ ಊರ ಜಾತ್ರೆಯೂ ಆಗಬಹುದಿತ್ತು. ಬನಶಂಕರಿಯ ನಾಟಕ ಕಂಪನಿಗಳಿಲ್ಲ, ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಮಾರುವ ತಾಯಂದಿರಿಲ್ಲ. “ನಿಮ್ಮ ಆಯಿ ಅಲ್ಲೇ ರೊಟ್ಟಿ ಮಾರತಾಳಲ್ಲೋ, ಆಕಿ ಎಲ್ಲದಾಳ ಇದರಾಗ?” ಅಂದೆವು. ಹುಡುಗನಿಗೆ ನಾಚಿಕೆಯಾಯಿತು. ಮರುದಿನ ಆಯಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವುದರಿಂದ ಹಿಡಿದು ಎರಡು ಪುಟ ಬರೆದು ತಂದ. ಏಳೆಂಟು ಕಾಗುಣಿತ ತಪ್ಪಿದ್ದವು. ಅದನ್ನು ತಿದ್ದುವುದು ನಮಗೆ ಹಬ್ಬವಾಯಿತು. ಆ ಯಂತ್ರ ಬೇಡವೆಂದು ನಾವು ಅವನಿಗೆ ಹೇಳಲಿಲ್ಲ. ಅವನ ಆಯಿಯ ಬಗ್ಗೆ ಕೇಳಲಿಕ್ಕೆ ಒಬ್ಬರು ಬೇಕಾಗಿತ್ತು, ಅಷ್ಟೇ.

ಮಹನೀಯರೇ, ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಏನು ಮಾಡಿದರು? ಒಬ್ಬೊಬ್ಬ ರೈತ ಒಬ್ಬನೇ ಸಾಹುಕಾರನ ಕಟ್ಟೆಗೆ ಹೋಗುವುದನ್ನು ತಪ್ಪಿಸಿ, ಎಲ್ಲರನ್ನೂ ಕೂಡಿಸಿದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ರೊಕ್ಕಕ್ಕೆ ಮಾತ್ರ ಅನ್ವಯಿಸುವುದೇ? ಕಲಿಕೆಗೂ ಅನ್ವಯಿಸಬೇಕು. ಈಗ ನಮ್ಮ ಸಂಘದ ಲೆಕ್ಕವೂ ಕಂಪ್ಯೂಟರಿನಲ್ಲಿದೆ. ಆದರೂ ಸದಸ್ಯರು ಚೀಟಿ ಹಿಡಿದುಕೊಂಡು, “ಎಷ್ಟಾತು ನೋಡ್ರಿ ಸಾಹೇಬ್ರ” ಎಂದು ಕಾರ್ಯದರ್ಶಿಗಳನ್ನೇ ಕೇಳುತ್ತಾರೆ. ಓದಿ ಹೇಳುವ ಮನುಷ್ಯನ ಮೇಲಿನ ವಿಶ್ವಾಸ ಅದು.

ಅದಕ್ಕೇ ಈ ಬೆಳ್ಳಿಹಬ್ಬದ ದಿನ ನಮ್ಮದೊಂದು ಬೇಡಿಕೆ. ಈ ಸಭಾಭವನವನ್ನು ದಿನಾ ಸಂಜೆ ಆರರಿಂದ ಎಂಟರವರೆಗೆ ಮಕ್ಕಳಿಗೆ ತೆರೆದಿಡಿರಿ. ಟಿ.ವಿ. ಇದೆ, ಇಂಟರ್ನೆಟ್ ಹಾಕಿಸಿರಿ. ಲಾಭದಲ್ಲಿ ಒಂದಿಷ್ಟು ತೆಗೆದು, ಊರಿನಲ್ಲೇ ಓದಿ ಕುಂತ ಒಬ್ಬ ಹುಡುಗಿಗೋ ಹುಡುಗನಿಗೋ ಗೌರವಧನ ಕೊಟ್ಟು ನೇಮಿಸಿರಿ. ಬರುವ ಮಕ್ಕಳ ಅಪ್ಪನಿಗೆ ಸಂಘದಲ್ಲಿ ಶೇರು ಇದೆಯೋ ಇಲ್ಲವೋ ಕೇಳಬೇಡಿರಿ. ಗುಳೆ ಹೋಗಿ ಬಂದ ಮಕ್ಕಳು ನಡುವೆ ಬಂದರೂ, “ಯಾಕ ತಡಾ ಮಾಡಿದಿ?” ಅನ್ನಬೇಡಿರಿ. ಸೋಮವಾರ, ಗುರುವಾರ ನಾವು ಬರುತ್ತೇವೆ, ಪುಕ್ಕಟೆ. ಮಂಡಿ ನೋವು ಇದೆ, ಒಂದು ಕುರ್ಚಿ ಇಟ್ಟರೆ ಸಾಕು.

ಆ ಹುಡುಗಿಯ ಅಪ್ಪನಿಗೆ ಮೊನ್ನೆ ಫೋನ್ ಮಾಡಿದ್ದೆವು. ಯುಗಾದಿಗೆ ಊರಿಗೆ ಬರುತ್ತಾರಂತೆ, ಹದಿನೈದು ದಿನ ಇರುತ್ತಾರಂತೆ. ಮಗಳನ್ನು ಸಂಜೆ ಸಂಘದ ಕಟ್ಟಡಕ್ಕೆ ಕಳಿಸು ಎಂದು ಹೇಳಿದ್ದೇವೆ. ಪತ್ತಿನ ಸಂಘದ ಗೋಡೆಯೊಳಗೆ ಮೊದಲ ಪಾಠ ಬಡ್ಡಿ ಲೆಕ್ಕವೇ ಆಗಲಿ.

ಅಧ್ಯಕ್ಷರೇ, ಭಾಷಣ ಮುಗಿಯಿತು. ಇನ್ನು ಕೀಲಿಕೈ ಕೊಡ್ರಿ.